ಗುಣಪಾಲರ ಮೂರು ಸೆಕೆಂಡು

ಗಲ್ಫಿನ ಮುಸಫ್ಫಾದಲ್ಲಿರುವ ನಮ್ಮ ಕಬ್ಬಿಣದ ಕಂಪನಿಯ ಪ್ರೋಗ್ರಾಮರ್ ಗುಣಪಾಲರು ಸೀನಿದರೂ ಇಮೇಲಿನಲ್ಲಿ ಪುರಾವೆ ಇಟ್ಟುಕೊಳ್ಳುವ ಮನುಷ್ಯ. ನಗಬೇಡಿ. ಅಲ್ಲಿನದೇ ದೇರಾ ಪೇಟೆಯ ಹಳೆಯ ಕೆಲಸದಲ್ಲಿ ಯಾರದೋ ತಪ್ಪು ಇವರ ತಲೆಗೆ ಬಂದು ವೀಸಾ ಕ್ಯಾನ್ಸಲ್ ಆಗಿತ್ತು. ಅಂದಿನಿಂದ ಅವರ ಪ್ರೋಗ್ರಾಮಿನಲ್ಲಿ ಕೆಲಸ ಮಾಡುವ ಸಾಲು ಒಂದಾದರೆ, ‘ಕೆಲಸ ಆಯಿತು, ನನ್ನ ತಪ್ಪಿಲ್ಲ’ ಎಂದು ಬರೆದಿಡುವ ಲಾಗ್ ಸಾಲು ನಾಲ್ಕು.

2014ರಲ್ಲಿ ಗೇಟಿನ ಹಾಜರಿಗೆ ಪ್ರೋಗ್ರಾಮ್ ಬರೆದರು. ಕೆಲಸಗಾರ ಕಾರ್ಡ್ ತೋರಿಸಿದರೆ ಸಾಕು, ಅವನ ಪಾಸ್‌ಪೋರ್ಟ್, ವೀಸಾ, ಕ್ಯಾಂಪಿನ ರೂಮು, ಬಸ್ಸಿನ ನಂಬರು ಎಲ್ಲವನ್ನೂ ಹುಡುಕಿ ತಂದು ಲಾಗಿಗೆ ಸೇರಿಸುವುದು. ಆರು ತಿಂಗಳಲ್ಲಿ ಡಿಸ್ಕ್ ತುಂಬಿತು. ಮ್ಯಾನೇಜರ್ ಟ್ರೆವರ್ ಬೈದ ಮೇಲೆ ಲಾಗ್ ಆಫ್ ಮಾಡಿದರು. ಆದರೂ ಗೇಟಿನ ಕ್ಯೂ ಕರಗಲಿಲ್ಲ. ಒಬ್ಬೊಬ್ಬರಿಗೆ ಮೂರು ಸೆಕೆಂಡು, ಮುನ್ನೂರು ಜನಕ್ಕೆ ಕಾಲು ಗಂಟೆ.

“ಗುಣಪಾಲ್, ಗುರುವಾರದೊಳಗೆ ಈ ಕ್ಯೂ ಖಲಾಸ್ ಆಗ್ಬೇಕು. ಇಲ್ಲದಿದ್ರೆ ನಿಮ್ಮ ವೀಸಾ ಕ್ಯಾನ್ಸಲ್,” ಎಂದ ಟ್ರೆವರ್.

ಗುಣಪಾಲರು ಹೊಸ ಸರ್ವರ್ ಬೇಕೆಂದು ಹನ್ನೊಂದು ಜನಕ್ಕೆ ಇಮೇಲ್ ಹಾಕಿದರು. ಒಬ್ಬರೂ ತೆರೆದು ನೋಡಲಿಲ್ಲ. ಕೊನೆಗೆ ಅವರ ಕೋಡನ್ನು ಪೂರ್ತಿ ಓದಿದವಳು ಹೊಸದಾಗಿ ಸೇರಿದ್ದ ಜೂನಿಯರ್ ಪ್ರೋಗ್ರಾಮರ್ ಡೆಲ್ಫಿನ್.

“ಸರ್, ಲಾಗ್ ಆಫ್ ಉಂಟು, ಸರಿ. ಆದ್ರೆ ಬರೀಲಿಕ್ಕೆ ಬೇಕಾದ್ದನ್ನೆಲ್ಲ ಪ್ರೋಗ್ರಾಮ್ ಈಗ್ಲೂ ಹುಡುಕಿ ತಂದು ಜೋಡಿಸ್ತದೆ. ಆಮೇಲೆ ಲಾಗ್ ಆಫ್ ಅಂತ ನೋಡಿ ಬಿಸಾಡ್ತದೆ. ಅಡುಗೆ ಎಲ್ಲ ಮಾಡಿ, ಊಟಕ್ಕೆ ಜನ ಇಲ್ಲ ಅಂತ ಚೆಲ್ಲಿದ ಹಾಗೆ. ಲಾಗ್ ಆನ್ ಉಂಟಾ ಅಂತ ಮೊದ್ಲೇ ಕೇಳಿದ್ರೆ ಮುಗೀತಲ್ಲಾ?”

ಗುಣಪಾಲರು ಎರಡು ದಿನ ಕೂತು ಪ್ರತಿ ಲಾಗ್ ಸಾಲಿನ ಮುಂದೆ ಆ ಪ್ರಶ್ನೆ ಬರೆದರು. ಗುರುವಾರ ಮುನ್ನೂರು ಜನವೂ ಐದು ನಿಮಿಷದೊಳಗೆ ಗೇಟು ದಾಟಿದರು. ಟ್ರೆವರ್ ಕೈ ಕುಲುಕಿದ, ವೀಸಾ ಉಳಿಯಿತು. ಜನ್ಮದಲ್ಲಿ ಮೊದಲ ಸಲ, ‘ಮಾಡಿದ್ದು ನಾನೇ’ ಎಂದು ಹೇಳಿಕೊಳ್ಳುವ ಆಸೆ ಅವರಿಗೆ ಹುಟ್ಟಿತು. ಅದಕ್ಕೆಂದೇ ಶನಿವಾರ ಬೆಳಿಗ್ಗೆ ಗೇಟಿನ ಬಳಿ ಹೋಗಿ ನಿಂತರು.

ಶಿರ್ವದ ಕಡೆಯ ವೆಲ್ಡರ್ ಲೂರ್ದ್ ಬಸ್ಸಿನಿಂದ ಇಳಿದು ಬಂದ. ಅವನ ಮುಖ ಗಂಟಿಕ್ಕಿತ್ತು.

“ಆ ಕ್ಯೂನಲ್ಲಿ ನೆರಳಿಗೆ ನಿಂತು ಒಂದು ಚಾ ಕುಡೀಲಿಕ್ಕೆ ಆಗ್ತಿತ್ತು ಸರ್. ಊರಲ್ಲಿ ಮಗಳು ಶಾಲೆಗೆ ಹೊರಡುವ ಹೊತ್ತು, ಫೋನಲ್ಲಿ ಅವಳ ಹತ್ರ ನಾಲ್ಕು ಮಾತು ಆಗ್ತಿತ್ತು. ಈಗ ಒಳಗೆ ಕಾಲಿಟ್ಟ ಕೂಡ್ಲೇ ಫೋರ್‌ಮನ್ ಯಲ್ಲಾ ಯಲ್ಲಾ, ಬೇಗ ಬೇಗ ಅಂತಾನೆ. ಯಾರು ಮಾರಾಯ್ರೆ ಈ ಮೆಷಿನ್ ಸರಿ ಮಾಡಿದ್ದು?”

ಗುಣಪಾಲರಿಗೆ ನಾಚಿಕೆಯಾಯಿತು.

“ನಂಗೆ ಗೊತ್ತಿಲ್ಲ ಮಾರಾಯ,” ಎಂದರು.