ನೂಲು ಮುಳುಗಿದ ಮೇಲೆ

ಮಕ್ತಲ್‌ನ ಕಿರಾಣಿ ಅಂಗಡಿಯವರ ಮಗಳು ನಾನು. ಮದುವೆಯಾಗಿ ಸೇರಿದ್ದು ಗದ್ವಾಲದ ನೇಕಾರರ ಮನೆ. ಅಲ್ಲಿ ಸೀರೆ ಅಂಚಿನ ರೇಷ್ಮೆಗೆ ಬಣ್ಣ ಹಾಕುವವರು ನಮ್ಮತ್ತೆ. ಹೈದರಾಬಾದಿನ ಲ್ಯಾಬಿನಿಂದ ರಜೆಗೆ ಬಂದಾಗಲೆಲ್ಲ, "ಇಷ್ಟು ಓದ್ಯಾಳ, ಒಂದು ಲಡಿಗೆ ಬಣ್ಣ ಹಾಕಾಕ ಬರಂಗಿಲ್ಲ," ಎಂದು ಕಾಡುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಅದು ಅವರಿಗೂ ಗೊತ್ತು.

ಆ ಸಲ ನಾನು ಬಂದಿದ್ದೇ ಮುಖ ಊದಿಸಿಕೊಂಡು. ಮಣ್ಣಿನ ಒಂದು ಬ್ಯಾಕ್ಟೀರಿಯಾದ ಪೊರೆಯಲ್ಲಿ ಕ್ಯಾಲ್ಸಿಯಂ ಹಾದುಹೋಗಲು ಪ್ರೋಟೀನಿನ ದಾರಿಯೊಂದಿದೆ. ಏಳು ಸುರುಳಿಗಳು ಒತ್ತಾಗಿ ನಿಂತು ಆದ ದಾರಿ. ಸುತ್ತಲಿನ ನೀರು ಹುಳಿಯಾದರೆ ಒಂದು ಸುರುಳಿ ಸರಿದು ದಾರಿ ಬಿಡಬೇಕು, ಹುಳಿ ಇಳಿದರೆ ಮತ್ತೆ ಅಡ್ಡ ನಿಲ್ಲಬೇಕು. ಹಾಗೆಂದು ನಾನು ನಂಬಿದ್ದೆ. ಕೊಬ್ಬಿನ ಸಣ್ಣ ಗುಳ್ಳೆಗಳಲ್ಲಿ ಆ ಪ್ರೋಟೀನನ್ನು ಕೂರಿಸಿ, ಕ್ಯಾಲ್ಸಿಯಂ ಬೆರೆಸಿದ ಹುಳಿ ದ್ರಾವಣಕ್ಕೆ ಹಾಕಿ, ವರ್ಷವಿಡೀ ಕಾದಿದ್ದೆ. ಕ್ಯಾಲ್ಸಿಯಂ ಒಳಬಂದರೆ ಗುಳ್ಳೆ ಹೊಳೆಯಬೇಕು. ಹೊಳೆಯಲೇ ಇಲ್ಲ. ಇನ್ನೊಂದು ತಿಂಗಳು ನೋಡಿ ಬಿಟ್ಟುಬಿಡಿ ಎಂದು ಗೈಡ್ ಹೇಳಿದ್ದರು. ಬಿಡುವುದೆಂದರೆ ಪಿಎಚ್‌ಡಿಯನ್ನು ಮತ್ತೆ ಮೊದಲಿನಿಂದ ಶುರು ಮಾಡುವುದು.

ಅತ್ತೆಯ ಕಾಟ ತಾಳದೆ, "ಇವತ್ತು ನಾನೇ ಹಾಕ್ತೀನ್ರಿ," ಎಂದೆ. ರೇಷ್ಮೆ ಬಣ್ಣ ಹಿಡಿಯಲು ನೀರು ಹುಳಿಯಿರಬೇಕು. ಅಷ್ಟು ನನಗೂ ಗೊತ್ತಿತ್ತು. ಬಿಸಿನೀರಿಗೆ ನಿಂಬೆ ಉಪ್ಪು ಹಾಕಿ, ಅರಿಸಿನ ಹಚ್ಚಿದ ಬಟ್ಟೆಯ ಚೂರನ್ನು ಅದ್ದಿದೆ. ಸೋಡಾ ಇದ್ದರೆ ಕೆಂಪಾಗುತ್ತದೆ. ಇದು ಹಳದಿಯಾಗಿಯೇ ಉಳಿಯಿತು. ಗಿಳಿಹಸಿರು ಬಣ್ಣ ಕಲಸಿ, ಠೀವಿಯಿಂದ ರೇಷ್ಮೆ ನೂಲಿನ ಲಡಿ ಮುಳುಗಿಸಿದೆ. ಹೊರತೆಗೆದಾಗ ಅದು ಗಿಳಿಯಲ್ಲ, ಗಿಳಿ ಕಚ್ಚಿ ಬಿಟ್ಟ ಪೇರಲಕಾಯಿಯ ಬಣ್ಣವಾಗಿತ್ತು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಬೇರೆ ಹುಳಿ ನೀರು ಮಾಡಿ, ಬಣ್ಣಕ್ಕೂ ಮುಂಚೆ ಇನ್ನೊಂದು ಲಡಿಯನ್ನೇ ಅದರಲ್ಲಿ ಮುಳುಗಿಸಿ, ಅರಿಸಿನದ ಚೂರು ಅದ್ದಿದರು. ಕೆಂಪಾಯಿತು.

"ಬರೇ ನೀರು ನೋಡಿದ್ರ ಆಗಂಗಿಲ್ಲವ್ವಾ. ನೂಲು ಸೋಡಾದಾಗ ಕುದ್ದು ಬಂದೈತಿ, ಅದು ಹುಳಿ ತಿಂತೈತಿ. ನೂಲು ಮುಳುಗಿದ ಮ್ಯಾಲ ನೋಡ್ಬೇಕು."

ನಾನು ಕೋಪ ಮರೆತು ನಿಂತೆ. ಲ್ಯಾಬಿನಲ್ಲಿ ನನ್ನ ಗುಳ್ಳೆಗಳನ್ನು ಇಟ್ಟಿದ್ದು ಗಟ್ಟಿ ಕ್ಷಾರದ ದ್ರಾವಣದಲ್ಲಿ. ಹುಳಿಯನ್ನು ಪ್ರತಿಸಲ ಅಳೆದದ್ದು ಅವುಗಳನ್ನು ಹಾಕುವ ಮುಂಚೆ. ನಾಚಿಕೆಯೂ ಆಯಿತು, ಕುಣಿಯಬೇಕೆಂದೂ ಅನಿಸಿತು.

ಮರುವಾರ ಗುಳ್ಳೆಗಳನ್ನು ಹಾಕಿದ ಮೇಲೆ ಅಳೆದೆ. ಹುಳಿಯ ಸುಳಿವೇ ಇರಲಿಲ್ಲ. ಸರಿಯಾಗುವ ತನಕ ಆಸಿಡ್ ಬಿಟ್ಟೆ. ಗುಳ್ಳೆಗಳು ಹೊಳೆದು, ಪರದೆಯ ಮೇಲಿನ ಗೆರೆ ಮೇಲಕ್ಕೆದ್ದಿತು. ಹೋಲಿಕೆಗೆಂದು ಇಟ್ಟಿದ್ದ ಪ್ರೋಟೀನಿಲ್ಲದ ಗುಳ್ಳೆಗಳು ಮಾತ್ರ ಹೊಳೆಯಲಿಲ್ಲ. ನಂಬಿಕೆಯಾಗದೆ ಮೂರು ಸಲ ಮಾಡಿ, ಗದ್ವಾಲಕ್ಕೆ ಫೋನು ಹಚ್ಚಿದೆ.

"ಅತ್ತಿ, ದಾರಿ ತೆರೀತ್ರಿ! ನೂಲು ಮುಳುಗಿದ ಮ್ಯಾಲ ನೋಡಿದೆ!"

ಅವರು ಫೋನು ಕೈಯಲ್ಲಿ ಹಿಡಿದೇ ಪಕ್ಕದ ಮನೆಗೆ ಕೂಗುತ್ತಿದ್ದುದು ಕೇಳಿಸಿತು: "ಏನ್ರೀ, ನಮ್ಮ ಸೊಸಿಗೆ ಬಣ್ಣ ಹಾಕಾಕ ಬಂತು!"