ಅಪ್ಪನ ನಂಬರು

ನಲ್ಲಿಯ ವಾಷರ್ ಕೊಳಾಯಿ ಸಾಮಾನಿಗೆ ಸೇರಬೇಕೋ ರಬ್ಬರ್ ಸಾಮಾನಿಗೋ ಎಂಬುದು ಮನುಕುಲ ಕೂತು ಯೋಚಿಸಬೇಕಾದ ಪ್ರಶ್ನೆ. ಸದ್ಯಕ್ಕೆ ಇಬ್ಬರೇ ಯೋಚಿಸುತ್ತಿದ್ದಾರೆ.

ಬೆಳಗಿನ ಐದೂವರೆ. ಹಾರ್ಡ್‌ವೇರ್ ಅಂಗಡಿಯ ಷಟರ್ ಅರ್ಧ ಎದ್ದಿದೆ. ಪೇಂಟ್ ಡಬ್ಬಗಳ ನಡುವೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತವರನ್ನು ಇಲ್ಲಿ ಎಲ್ಲರೂ 'ಕಂಪ್ಯೂಟರ್ ಅಕ್ಕ' ಎನ್ನುತ್ತಾರೆ. ಬಿಲ್ಲಿಂಗ್ ಶುರುವಾದ ಮೇಲೆ ಡೇಟಾಬೇಸ್ ಮುಟ್ಟುವಂತಿಲ್ಲ. ಅದಕ್ಕೇ ಈ ಹೊತ್ತು. ಎದುರಿನ ಸ್ಟೂಲಿನಲ್ಲಿ ಮೂವತ್ತೆಂಟು ವರ್ಷದಿಂದ ಗೋದಾಮು ನೋಡಿಕೊಳ್ಳುವ, ಅಂಗಡಿಗೆಲ್ಲ 'ದೊಡ್ಡಪ್ಪ' ಆದ ಹಿರಿಯರು. ಹನ್ನೊಂದು ಸಾವಿರ ಸಾಮಾನಿನ ವಿಳಾಸ ಇಷ್ಟು ದಿನ ಇದ್ದದ್ದು ಅವರ ತಲೆಯಲ್ಲಿ. ಅದೆಲ್ಲ ಕಂಪ್ಯೂಟರಿನ ಟೇಬಲ್ಲಿಗೆ ಇಳಿದರೆ ಆ ತಲೆ ಮನೆಯಲ್ಲಿರಬಹುದು ಎಂದು ಮಾಲೀಕರು ಹೇಳಿಯಾಗಿದೆ.

"ನನ್ನ ಗುಂಡಿ ನನ್ ಕೈಲೇ ತೋಡಿಸ್ತಿದೀಯ ಕಣಮ್ಮ."

"ಸುಮ್ನಿರಿ ದೊಡ್ಡಪ್ಪ. ಮೊದ್ಲು ವಾಷರ್‌ಗೆ ಅಪ್ಪ ಯಾರು ಹೇಳಿ."

ಅಕ್ಕನ ಪದ್ಧತಿ ಸರಳ. ಪ್ರತಿ ವರ್ಗಕ್ಕೂ ಒಂದು ಸಾಲು, ಒಂದು ನಂಬರು. ಪಕ್ಕದ ಕಾಲಮ್ಮಿನಲ್ಲಿ ಅದರ ಅಪ್ಪನ ನಂಬರು. ಆ ಜಾಗ ಖಾಲಿಯಿದ್ದರೆ ಆ ವರ್ಗವೇ ಮನೆಯ ಹಿರೀಕ. ಹೀಗೆ ಆರು ತಲೆಮಾರು, ನಾನೂರ ಹನ್ನೆರಡು ವರ್ಗ. ಹನ್ನೊಂದು ವರ್ಷದ ಹಿಂದೆ, ಮೊದಲ ಕೆಲಸದಲ್ಲಿ, ತಲೆಮಾರಿಗೊಂದರಂತೆ ಮೂರೇ ಕಾಲಂ ಇಟ್ಟಿದ್ದರು. ನಾಲ್ಕನೆಯ ತಲೆಮಾರು ಹುಟ್ಟಿದ ದಿನ ಎಲ್ಲ ಕೆಡವಿ ಕಟ್ಟಬೇಕಾಯಿತು. ಕಳೆದ ವಾರವೂ ನಿದ್ದೆಗಣ್ಣಲ್ಲಿ ಕೊಳಾಯಿ ಸಾಮಾನನ್ನು ನಲ್ಲಿಯ ಮಗು ಮಾಡಿಬಿಟ್ಟರು. ನಲ್ಲಿಯೋ, ಮೊದಲೇ ಕೊಳಾಯಿ ಸಾಮಾನಿನ ಮಗು. ಕಂಪ್ಯೂಟರು, ಅಪ್ಪನ ಅಪ್ಪನನ್ನು ಹುಡುಕುತ್ತ ಸುತ್ತಿದ್ದೇ ಸುತ್ತಿದ್ದು.

"ನಾನೇನ್ ಕೆಲ್ಸ ಮಾಡ್ತೀನಿ ಅಂತ ನಮ್ಮತ್ತೆಗೆ ಇವತ್ತಿಗೂ ಗೊತ್ತಿಲ್ಲ. 'ಸೊಸೆ ಡಬ್ಬಿ ಜೋಡಿಸ್ತಾಳೆ, ಅಡುಗೆಮನೇಲಿ ಮಾತ್ರ ಅಲ್ಲ' ಅಂತಾರೆ," ಎಂದು ಅಕ್ಕ ನಗುತ್ತಾರೆ.

ದೊಡ್ಡಪ್ಪ ತೀರ್ಪು ಕೊಡುತ್ತಾರೆ: "ಎರಡೂ ಕಡೆ ಹಾಕು. ಪ್ಲಂಬರ್ ಬಂದ್ರೆ ಕೊಳಾಯಿ ಸಾಮಾನು ಅಂತಾನೆ. ಮನೆಯವರು ರಬ್ಬರ್ ಉಂಗುರ ಅಂತಾರೆ. ಇಬ್ರೂ ಬರಿಗೈಲಿ ಹೋಗಬಾರ್ದು."

ಒಂದು ಕಾಲಮ್ಮಿನಲ್ಲಿ ಇಬ್ಬರು ಅಪ್ಪಂದಿರು ಹಿಡಿಸುವುದಿಲ್ಲ. ಅಕ್ಕ ಇನ್ನೊಂದು ಟೇಬಲ್ ಮಾಡುತ್ತಾರೆ: ಒಂದು ಕಡೆ ಸಾಮಾನಿನ ನಂಬರು, ಇನ್ನೊಂದು ಕಡೆ ವರ್ಗದ ನಂಬರು, ಒಂದೊಂದು ನಂಟಿಗೂ ಒಂದೊಂದು ಸಾಲು.

ಎಂಟೂವರೆಗೆ ಮಾಲೀಕರು ಬರುತ್ತಾರೆ. "ಮುಗೀತಾ? ಹಾಗಾದ್ರೆ ಇವ್ರನ್ನ ಕಳಿಸಬಹುದಾ?"

ದೊಡ್ಡಪ್ಪ ಸ್ಟೂಲಿನಿಂದ ಏಳುತ್ತಾರೆ. ಅಕ್ಕ ಪರದೆಯಿಂದ ಕಣ್ಣು ತೆಗೆಯುವುದಿಲ್ಲ.

"ವಾರಕ್ಕೆ ನಲವತ್ತು ಹೊಸ ಸಾಮಾನು ಬರತ್ತೆ ಸಾರ್. ಅಪ್ಪ ಯಾರು ಅಂತ ಹೇಳಿದ್ರೆ ಟೇಬಲ್ ನೆನಪಿಟ್ಕೊಳ್ಳತ್ತೆ. ಅದೇ ಕಂಡುಹಿಡಿಯಲ್ಲ. ಯಾರು ಹೇಳ್ತಾರೆ, ನೀವಾ?"

ಮಾಲೀಕರು ಸ್ಟೂಲನ್ನು ದೊಡ್ಡಪ್ಪನ ಕಡೆಗೆ ಸರಿಸುತ್ತಾರೆ.

ದೊಡ್ಡಪ್ಪ ನಾಳೆಯೂ ಕೆಲಸಕ್ಕೆ ಬರುತ್ತಾರೆ.