ಮೇಲಿನ ಸ ಇಳಿಯುತ್ತಿತ್ತು

ನನ್ನ ಭಾವ ಷಡಕ್ಷರಪ್ಪ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಮೀಟರ್ ಸರಿಮಾಡಿದವರು. ಪ್ರತಿ ಮೀಟರನ್ನೂ ಆರು ತಿಂಗಳಿಗೊಮ್ಮೆ ಬಿಚ್ಚಿ, ಸರಿಯಿರುವ ಇನ್ನೊಂದರ ಜೊತೆ ತಾಳೆ ನೋಡಿ, ತಾರೀಖು ಬರೆದ ಹಳದಿ ಚೀಟಿ ಅಂಟಿಸಬೇಕು. ಚೀಟಿಯ ಅವಧಿ ಮುಗಿದ ಮೀಟರನ್ನು ಭಾವ ನಂಬುತ್ತಿರಲಿಲ್ಲ. ಮನುಷ್ಯರ ಮೇಲೂ ನಂಬಿಕೆ ಅಷ್ಟಕ್ಕಷ್ಟೇ.

೧೯೯೫ರಲ್ಲಿ ಅವರಿಗೆ ರದ್ದಿ ಅಂಗಡಿಯಲ್ಲಿ ಇಪ್ಪತ್ತು ವರ್ಷ ಹಳೆಯ ವಿದೇಶಿ ಪತ್ರಿಕೆಯೊಂದು ಸಿಕ್ಕಿತು. ಅದರಲ್ಲಿದ್ದ ನಕ್ಷೆ ನೋಡಿಕೊಂಡು ಕ್ವಾರ್ಟರ್ಸಿನ ಹಜಾರದಲ್ಲೇ ಸಿಂಥಸೈಸರ್, ಅಂದರೆ ಕರೆಂಟಿನಿಂದ ಸ್ವರ ಹೊರಡಿಸುವ ಪೆಟ್ಟಿಗೆ, ಕಟ್ಟಲು ಕೂತರು. ನನ್ನದು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ರೇಡಿಯೋ ರಿಪೇರಿ ಅಂಗಡಿ. ಬಿಡಿಭಾಗ ಹೊಂದಿಸಿ ಕೊಟ್ಟವನು ನಾನೇ. ಭಾವನ ಮಗಳು ಸ್ಫೂರ್ತಿ ವಚನ ಹಾಡುತ್ತಿದ್ದಳು, ಒಳ್ಳೆಯ ಕಂಠ. ತಾವು ಕಟ್ಟಿದ ಪೆಟ್ಟಿಗೆಯ ಶ್ರುತಿಗೆ ಅವಳು ಹಾಡಬೇಕು ಎನ್ನುವುದೊಂದೇ ಭಾವನ ಆಸೆ.

ಪೆಟ್ಟಿಗೆ ಸದ್ದೇನೋ ಮಾಡಿತು. ಆದರೆ ಅದರೊಳಗಿನ ಸರ್ಕ್ಯೂಟ್ ಬೋರ್ಡಿನಲ್ಲಿ ಒಂದು ವೋಲ್ಟ್ ಹೆಚ್ಚಿದರೆ ಸ್ವರ ಕರಾರುವಾಕ್ಕಾಗಿ ಒಂದು ಸ್ಥಾಯಿ, ಅಂದರೆ ಕೆಳಗಿನ ಸದಿಂದ ಮೇಲಿನ ಸಕ್ಕೆ, ಏರಬೇಕು. ತಕರಾರು ಬಂದದ್ದು ಅಲ್ಲೇ.

"ಕೆಳಗಿನ ಸ ಸರಿ ಇದೆ ವೀರೇಂದ್ರ, ಮೇಲಿನ ಸ ಇಳೀತಾ ಇದೆ" ಎಂದು ಭಾವ ಫೋನ್ ಮಾಡಿದರು.

ಇಂಥ ಬೋರ್ಡುಗಳಿಗೆ ಬರುವ ಕಾಯಿಲೆಯೇ ಅದು. ಟ್ರಾನ್ಸಿಸ್ಟರ್ ಬಿಸಿಯಾದರೂ ಶ್ರುತಿ ಅಲುಗುತ್ತದೆ. ಬದಲಾಯಿಸಿ ಎಂದೆ, ಬದಲಾಯಿಸಿದರು. ಫ್ಯಾನ್ ನಿಲ್ಲಿಸಿ ನೋಡಿದರು, ಕಿಟಕಿ ಮುಚ್ಚಿ ನೋಡಿದರು. ಮೇಲಿನ ಸ್ಥಾಯಿಯನ್ನು ಏರಿಸುವ ಪುಟ್ಟ ತಿರುಪನ್ನು ತಿರುಗಿಸಿ ತಿರುಗಿಸಿ ಅದರ ತಲೆಯೇ ಸವೆಯಿತು.

ಆಮೇಲೆ ಮಗಳ ಸ್ವರವೂ ಇಳಿಯುತ್ತಿದೆ ಎಂದು ಶುರುಮಾಡಿದರು. ಪೆಟ್ಟಿಗೆಗೆ ಹೊಂದಿಸಲು ಹೋದರೆ ಅವಳ ಹಾಡು ಕೆಡುತ್ತಿತ್ತು, ಹೊಂದಿಸದಿದ್ದರೆ ಬೈಗುಳ.

"ಹುಡುಗಿ ಸರಿಯಾಗೇ ಹಾಡ್ತಾಳಲ್ರೀ" ಎಂದು ನಮ್ಮಕ್ಕ ಜಗದಾಂಬಾ ಅಂದರೆ, "ನಿಂಗೇನು ಗೊತ್ತು, ಸುಮ್ನಿರು" ಎಂಬ ಉತ್ತರ. ಒಂದು ದಿನ ನೆಂಟರ ಮುಂದೆಯೇ "ಅಪಸ್ವರ" ಎಂದುಬಿಟ್ಟರು. ಸ್ಫೂರ್ತಿ ಅರ್ಧಕ್ಕೇ ನಿಲ್ಲಿಸಿ ಒಳಗೆ ಹೋದಳು. ಅಲ್ಲಿಂದಾಚೆ ಎರಡು ವರ್ಷ ಆ ಹುಡುಗಿ ಹಾಡಲು ಬಾಯಿ ಬಿಡಲಿಲ್ಲ. ಹದಿನಾರರ ಹಟ, ತಾನಾಗಿ ಇಳಿಯುತ್ತದೆ ಎಂದುಕೊಂಡೆವು, ದಡ್ಡರು ನಾವು.

೧೯೯೮ರ ಬೇಸಿಗೆಯಲ್ಲಿ ನನ್ನ ಅಂಗಡಿಗೆ ಸ್ವರದ ಕಂಪನ ಎಣಿಸಿ ಅಂಕಿಯಲ್ಲಿ ತೋರಿಸುವ ಹಳೆಯ ಯಂತ್ರವೊಂದು ಬಂತು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಭದ್ರಾವತಿಗೆ ಒಯ್ದೆ. ಕೆಳಗಿನ ಸ ಇನ್ನೂರ ನಲವತ್ತು ತೋರಿಸಿತು. ಮೇಲಿನದು ಅದರ ಎರಡರಷ್ಟು, ನಾನೂರ ಎಂಬತ್ತು ಇರಬೇಕು. ತೋರಿಸಿದ್ದು ನಾನೂರ ತೊಂಬತ್ತನಾಲ್ಕು. ಇಳಿಯುವ ಮಾತಿರಲಿ, ಅದು ಏರಿ ಕೂತಿತ್ತು. ತಿರುಪು ತಿರುಗಿಸಿ ಸರಿಯಾಗಿ ನಾನೂರ ಎಂಬತ್ತಕ್ಕೆ ತಂದೆ.

"ಈಗ ಕೇಳಿ ಭಾವ."

ಕಣ್ಣು ಮುಚ್ಚಿ ಕೇಳಿದರು. "ಇನ್ನೂ ಇಳೀತಲ್ಲ ಮಾರಾಯ."

"ಈಗ ಸರಿಯಾಯ್ತು ನೋಡು ವೀರು" ಎಂದು ಅಕ್ಕ ಅಡುಗೆಮನೆಯಿಂದ ಕೂಗಿದಳು.

ಭಾವ ಕಣ್ಣು ಬಿಟ್ಟು ಯಂತ್ರದ ಅಂಕಿ ನೋಡಿದರು, ಅಡುಗೆಮನೆಯ ಕಡೆ ನೋಡಿದರು. ಮೀಟರಿನ ಮನುಷ್ಯ, ನನಗಿಂತ ಮೊದಲೇ ಅವರಿಗೆ ತಿಳಿಯಿತು. "ಬೋರ್ಡ್ ಸರಿ ಇದೆ. ಚೀಟಿ ಮುಗಿದಿರೋದು ನಂದು" ಅಂದರು.

ಇಷ್ಟು ವರ್ಷದ ಕಾರ್ಖಾನೆಯ ಸದ್ದಿಗೆ ಕಿವಿಯ ಒಳಗು ಸವೆದಿದೆ, ಮೇಲಿನ ಸ್ವರ ಇಳಿದೇ ಕೇಳಿಸುತ್ತದೆ, ಇದಕ್ಕೆ ಔಷಧಿಯಿಲ್ಲ ಎಂದರು ಡಾಕ್ಟರು. ನನಗೆ ಉರಿದುಹೋಯಿತು. ಆರು ತಿಂಗಳಿಗೊಮ್ಮೆ ಪ್ರತಿ ಮೀಟರನ್ನೂ ತಾಳೆ ನೋಡಿದವರ ಕಿವಿಯನ್ನು ಒಬ್ಬರೂ ತಾಳೆ ನೋಡಿರಲಿಲ್ಲ. ನಾನೂ ಎರಡು ವರ್ಷ ಟ್ರಾನ್ಸಿಸ್ಟರನ್ನೇ ಬೈದವನು.

ಆಸ್ಪತ್ರೆಯಿಂದ ಬಂದವರೇ ಭಾವ ಮಗಳನ್ನು ಪೆಟ್ಟಿಗೆಯ ಮುಂದೆ ಕೂರಿಸಿಕೊಂಡರು.

"ತಪ್ಪು ನಂದಮ್ಮ. ನೀನು ಸರಿಯಾಗೇ ಹಾಡ್ತಿದ್ದೆ. ಒಂದ್ಸಲ ಹಾಡು."

ಅವಳು ಪೆಟ್ಟಿಗೆಯ ಶ್ರುತಿ ಹಾಕಿಕೊಂಡು ಹಾಡಿದಳು. ಎರಡು ವರ್ಷ ಅಭ್ಯಾಸ ತಪ್ಪಿದ ಗಂಟಲು. ಮೇಲಿನ ಸ ಮುಟ್ಟಲು ಹೋಗಿ, ಸಂಗೀತದ ಗಂಧವಿಲ್ಲದ ನನಗೂ ತಿಳಿಯುವಷ್ಟು ಕೆಳಗೆ ನಿಂತಿತು. ಅಕ್ಕ ನನ್ನ ಮುಖ ನೋಡಿದಳು.

ಭಾವನಿಗೂ ಅದು ಇಳಿದೇ ಕೇಳಿಸಿರಬೇಕು. ಆದರೆ ಅವರು ತಮ್ಮ ಕಿವಿಯನ್ನು ನಂಬುವುದು ಬಿಟ್ಟಿದ್ದರು.

"ಸರಿಯಾಗಿದೆ ಮಗಳೇ," ಅಂದರು, "ಒಂಚೂರೂ ತಪ್ಪಿಲ್ಲ."

ಸ್ಫೂರ್ತಿ ತಲೆ ತಗ್ಗಿಸಿಕೊಂಡೇ ಕೈ ಚಾಚಿ ಪೆಟ್ಟಿಗೆಯ ಸ್ವಿಚ್ ಆರಿಸಿದಳು.